ಎಕ್ಸೆಲ್‌ನಲ್ಲಿ ರೂಲೆಟ್ ಆಡಿಸಿ ನೋಡಿದೆ

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹೋದ ವರ್ಷ ನನ್ನ ಚಿಕ್ಕಪ್ಪನ ಮಗ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಗೋವಾಕ್ಕೆ ಹೋದ. ಮಾಂಡೋವಿ ನದಿಯ ಕ್ಯಾಸಿನೊ ಹಡಗಿನಲ್ಲಿ ರೂಲೆಟ್ ಆಡಿ ಒಂದೇ ರಾತ್ರಿ 15,000 ರೂಪಾಯಿ ಗೆದ್ದು ಬಂದ. ತಿರುಗುವ ಚಕ್ರದಲ್ಲಿ ಗೋಲಿ ಯಾವ ಮನೆಯಲ್ಲಿ ನಿಲ್ಲುತ್ತದೆ ಎಂದು ಹಣ ಕಟ್ಟುವ ಆಟ ಅದು.

“ಅಣ್ಣಾ, ಕೆಂಪಿಗೆ 500 ಕಟ್ಟೋದು. ಹೋದ್ರೆ ಡಬಲ್. ಮತ್ತೆ ಹೋದ್ರೆ ಮತ್ತೆ ಡಬಲ್. ಒಂದ್ಸಲ ಕೆಂಪು ಬಿದ್ರೆ ಹೋದದ್ದೆಲ್ಲ ವಾಪಸ್, ಮೇಲೆ 500 ಲಾಭ. 30 ಸಲ ಹಿಂಗೇ ಮಾಡೀನಿ” ಎಂದ. ಮುಂದಿನ ಸಲ ಸಾಲ ಮಾಡಿ ಹೋಗುವವನಿದ್ದ. ನನಗೆ ಹೆದರಿಕೆಯಾಯಿತು.

ಅವನು ಆಡಿದ ಚಕ್ರದಲ್ಲಿ 37 ಮನೆ. 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ಆ ಸೊನ್ನೆಯಿಂದಲೇ ಕ್ಯಾಸಿನೊ ಬದುಕುವುದು. 500 ಕಟ್ಟಿದಾಗಲೆಲ್ಲ ಸರಾಸರಿ ಹದಿಮೂರೂವರೆ ರೂಪಾಯಿ ಅವರ ಪಾಲು. ಎರಡು ಸೊನ್ನೆ ಇರುವ ಚಕ್ರವಾದರೆ 26 ರೂಪಾಯಿ.

ಡಬಲ್ ಆಟದ ಲೆಕ್ಕವನ್ನು ಮೊದಲು ಕೈಯಲ್ಲೇ ಹಾಕಿದೆ. ಸತತ ಆರು ಸಲ ಸೋತರೆ 31,500 ಹೋಗುತ್ತದೆ. ಅವನ ಕೈಯಲ್ಲಿದ್ದದ್ದೇ ಅಷ್ಟು. 500ರಿಂದ ಹೊಸದಾಗಿ ಶುರು ಮಾಡಿದ ಸುಮಾರು 55 ಸಲಕ್ಕೊಮ್ಮೆ ಹೀಗಾಗುತ್ತದೆ. ಅಂದ ಮೇಲೆ 30 ಸಲ ಪಾರಾಗುವುದು ವಿಶೇಷವೇನಲ್ಲ. ಹತ್ತು ಜನ ಹೀಗೆ ಆಡಿದರೆ ಐದಾರು ಜನ 15,000 ಹಿಡಿದೇ ಬರುತ್ತಾರೆ. ಉಳಿದವರು ಊರಲ್ಲಿ ಬಾಯಿ ಬಿಡುವುದಿಲ್ಲ, ಅಲ್ವಾ?

ಬಾಯಿಮಾತಿಗೆ ಅವನು ಒಪ್ಪಲಿಲ್ಲ. ಭಾನುವಾರ ಕೂತು ಎಕ್ಸೆಲ್‌ನಲ್ಲಿ ನೂರು ಆಟಗಾರರನ್ನು ಮಾಡಿದೆ. ಒಬ್ಬೊಬ್ಬರಿಗೆ ಒಂದೊಂದು ಕಾಲಂ. ಪ್ರತಿ ಸಾಲಿಗೆ 1ರಿಂದ 37ರೊಳಗೆ ಒಂದು ಸಂಖ್ಯೆ ತಾನಾಗಿ ಬರುತ್ತದೆ. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಗೆಲುವು. ಡಬಲ್ ಬಿಟ್ಟು, ಪ್ರತಿ ಸಲ ಬರೀ 500.

100 ಸುತ್ತು ಮುಗಿದಾಗ 37 ಜನ ಲಾಭದಲ್ಲಿದ್ದರು. ಆ 37 ಜನರ ಮುಂದೆ ಕ್ಯಾಸಿನೊ ಸೋತಿದೆ, ನಿಜ. 1,000 ಸುತ್ತಿಗೆ 18 ಜನ ಉಳಿದರು. 10,000ಕ್ಕೆ ಎಳೆಯುವಷ್ಟರಲ್ಲಿ ಕಂಪ್ಯೂಟರ್ ಒದ್ದಾಡಿತು. ಒಬ್ಬರೂ ಉಳಿಯಲಿಲ್ಲ. ಕ್ಯಾಸಿನೊಗೆ ಆ 37 ಜನ ಗೆದ್ದದ್ದು ನಷ್ಟವೇ ಅಲ್ಲ. ಅವರು ಮತ್ತೆ ಬರುತ್ತಾರೆ, ಹೊಸಬರನ್ನೂ ಕರೆತರುತ್ತಾರೆ. ಚಕ್ರ ತಿರುಗುತ್ತಲೇ ಇರುತ್ತದೆ.

ತಮ್ಮನನ್ನು ಕರೆಸಿದೆ. “ಎಫ್ 9 ಒತ್ತು, ಆಟ ಮತ್ತೆ ಮೊದಲಿಂದ ಶುರುವಾಗುತ್ತೆ” ಎಂದೆ. ನಾಲ್ಕು ಸಲ ಒತ್ತಿದ. ಕೊನೆಯ ಸಾಲಿನಲ್ಲಿ ಎಲ್ಲರೂ ನಷ್ಟದಲ್ಲೇ. ಐದನೇ ಸಲಕ್ಕೆ ಒಬ್ಬ ಉಳಿದ.

“ಎಷ್ಟು ಗೆದ್ದಾನಣ್ಣಾ?”

10,000 ಸುತ್ತು ಆಡಿ ಅವನು ಗೆದ್ದದ್ದು 3,000 ರೂಪಾಯಿ. ತಮ್ಮ ಆ ಕಾಲಂ ಅನ್ನೇ ಮೇಲಿಂದ ಕೆಳಗೆ ತುಂಬಾ ಹೊತ್ತು ನೋಡಿದ.