ಒಬ್ಬ ರೋಗಿ, ಒಂದೇ ಲೆಕ್ಕ: ಮೆಡಿಕಲ್ ಪೇಪರ್ ಕಳಿಸುವ ಮುನ್ನ

ಬೆಳಗಾವಿಯಲ್ಲಿ ಪಿಜಿ ಓದುವ ಹುಡುಗರು ಥೀಸಿಸ್ ಮುಗಿಯುತ್ತಿದ್ದಂತೆ ಕೇಳುವ ಪ್ರಶ್ನೆ ಒಂದೇ: "ಸರ್, ಇದರಲ್ಲಿ ಎಷ್ಟು ಪೇಪರ್ ಆಗುತ್ತವೆ?" ಕೆಲಸಕ್ಕೆ, ಬಡ್ತಿಗೆ ಪೇಪರ್ ಬೇಕು, ನಿಜ. ಆದರೆ ಒಂದೇ ಡೇಟಾ ಎರಡು ಕಡೆ ಬಂದರೆ ಪೆಟ್ಟು ಬೀಳುವುದು ರೋಗಿಗೆ.

ನಮ್ಮ ಜಿಲ್ಲೆಯದೇ ಉದಾಹರಣೆ ತಗೊಳ್ಳಿ. ಇಲ್ಲಿನ ಹಳ್ಳಿಗಳ 1,620 ಬಾಣಂತಿಯರ ಮೇಲೆ ನಡೆದ ಮಿಸೊಪ್ರೊಸ್ಟಾಲ್ ಗುಳಿಗೆಯ (ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಔಷಧಿ) ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂತು. ಔಷಧಿಯಿಲ್ಲದ ಗುಳಿಗೆ ನುಂಗಿದವರಲ್ಲಿ 100ಕ್ಕೆ 12 ಮಂದಿಗೆ ಹೆರಿಗೆಯ ನಂತರ ಜಾಸ್ತಿ ರಕ್ತ ಹೋಗಿತ್ತು. ಔಷಧಿ ನುಂಗಿದವರಲ್ಲಿ ಅದು 6.4. ಇದೇ ಲೆಕ್ಕ ಬೇರೆ ತಲೆಬರಹದಡಿ ಇನ್ನೊಂದು ಜರ್ನಲ್‌ನಲ್ಲೂ ಬಂದಿದ್ದರೆ ಎಂದು ಸುಮ್ನೆ ಊಹಿಸಿ. ಎಲ್ಲ ಅಧ್ಯಯನಗಳನ್ನು ಕೂಡಿಸಿ ನೋಡುವವರಿಗೆ 3,240 ಬಾಣಂತಿಯರು ಕಾಣುತ್ತಾರೆ, ಅಲ್ವಾ?

ವಾಂತಿ ತಡೆಯುವ ಒಂಡಾನ್ಸೆಟ್ರಾನ್ ವಿಷಯದಲ್ಲಿ ಹೀಗೆ ಆಗಿಯೇ ಇದೆ. 1997ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂದ ಪರಿಶೀಲನೆಯ ಪ್ರಕಾರ ರೋಗಿಗಳ ಡೇಟಾದಲ್ಲಿ ಶೇ 28ರಷ್ಟು ಎರಡೆರಡು ಸಲ ಅಚ್ಚಾಗಿತ್ತು. ಅದನ್ನೂ ಲೆಕ್ಕಕ್ಕೆ ಹಿಡಿದಾಗ ಔಷಧಿಯ ಗುಣ ಶೇ 23ರಷ್ಟು ಜಾಸ್ತಿ ಕಂಡಿತು.

ಡೇಟಾದಂತೆ ಲೇಖಕರ ಹೆಸರಿನ ಲೆಕ್ಕವೂ ಸರಿ ಇರಬೇಕು. ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಒಂದು ಹಾಳೆ ತೆಗೆದುಕೊಳ್ಳಿ. ಯಾರು ಏನು ಮಾಡುತ್ತಾರೆ, ಯಾರ ಹೆಸರು ಮೊದಲು ಎಂದು ಬರೆದು ಎಲ್ಲರೂ ಸಹಿ ಹಾಕಿ. ಕೆಲಸ ಬದಲಾದರೆ ಹಾಳೆಯನ್ನೂ ಬದಲಿಸಿ. ನನ್ನ ಮೊದಲ ಪೇಪರ್‌ಗೆ ಇಂಥ ಹಾಳೆ ಇರಲಿಲ್ಲ. ರಾತ್ರಿ ಹಗಲು ಕೇಸ್ ಶೀಟ್ ತುಂಬಿ, ಟೇಬಲ್ ಮಾಡಿಕೊಟ್ಟ ಗೆಳತಿಯ ಹೆಸರು ಬಿಟ್ಟುಹೋಯಿತು. ಒಂದು ಸಾಲೂ ಬರೆಯದ ಹಿರಿಯರೊಬ್ಬರ ಹೆಸರು ಸೇರಿತು. ನಾನು ಬಾಯಿ ಬಿಡಲಿಲ್ಲ. ಆ ನೋವು ಇನ್ನೂ ಇದೆ.

ಲೇಖಕರು ಯಾರು ಎನ್ನುವುದಕ್ಕೆ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ, ಅಂದರೆ ಐಸಿಎಂಜೆಇಯ ಅಳತೆ ಇದೆ. ಅಧ್ಯಯನದ ಯೋಜನೆಯಲ್ಲೋ ಡೇಟಾದ ಕೆಲಸದಲ್ಲೋ ದೊಡ್ಡ ಪಾಲು ಇರಬೇಕು. ಪೇಪರ್ ಬರೆದಿರಬೇಕು, ಇಲ್ಲವೇ ಗಂಭೀರವಾಗಿ ತಿದ್ದಿರಬೇಕು. ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ಯಾವುದೇ ಭಾಗದ ಮೇಲೆ ಪ್ರಶ್ನೆ ಎದ್ದರೂ ಉತ್ತರ ಸಿಗುವಂತೆ ನೋಡಿಕೊಳ್ಳುವ ಹೊಣೆ ಹೊರಬೇಕು; ಇದು 2013ರಲ್ಲಿ ಸೇರಿದ್ದು. ನಾಲ್ಕೂ ಬೇಕು. ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರು ಎಂಬ ಕಾರಣಕ್ಕೆ, ಹಣ ತಂದರು ಎಂಬ ಕಾರಣಕ್ಕೆ ಹೆಸರು ಹಾಕುವಂತಿಲ್ಲ. ಅವರ ಜಾಗ ಕೃತಜ್ಞತೆಯಲ್ಲಿ, ಅದೂ ಅವರನ್ನು ಕೇಳಿ. ಇನ್ನೊಂದು ಮಾತು ಬಹಳ ಜನ ಮರೆಯುತ್ತಾರೆ. ಮೊದಲ ಅಳತೆ ದಾಟಿದವರಿಗೆ ಕರಡು ತೋರಿಸದೆ, "ನೀನು ಬರೆದಿಲ್ಲ" ಎಂದು ಕೈಬಿಡುವುದು ತಪ್ಪು. ಬರೆಯಲು, ತಿದ್ದಲು ಅವರನ್ನು ಕರೆಯಲೇಬೇಕು.

ಕ್ಲಿನಿಕಲ್ ಟ್ರಯಲ್ ಆಗಿದ್ದರೆ ಸಿಟಿಆರ್‌ಐನಲ್ಲಿ, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿಯಲ್ಲಿ, ಮೊದಲೇ ನೋಂದಾಯಿಸಿ. ಅದರಿಂದ ಹೊರಡುವ ಪ್ರತಿ ಪೇಪರ್‌ನಲ್ಲೂ ಆ ನಂಬರ್ ಹಾಕಿ. ಎರಡು ಪೇಪರ್‌ಗಳಲ್ಲೂ ಇರುವುದು ಅದೇ ರೋಗಿಗಳು ಎಂದು ಓದುವವರಿಗೆ ಆಗ ತಿಳಿಯುತ್ತದೆ.

ಎರಡನೇ ಪೇಪರ್ ಬರೆಯಲೇಬಾರದು ಎಂದಲ್ಲ. ಪ್ರಶ್ನೆ ನಿಜವಾಗಿ ಬೇರೆ ಇರಬೇಕು. "ಇವರೇ ರೋಗಿಗಳ ಇನ್ನೊಂದು ವರದಿ ಈಗಾಗಲೇ ಬಂದಿದೆ" ಎಂದು ಮೆಥಡ್ಸ್ ಭಾಗದಲ್ಲಿ ಬರೆದು ಮೊದಲ ಪೇಪರ್ ತೋರಿಸಿ. ಗಂಡಸರದ್ದೊಂದು, ಹೆಂಗಸರದ್ದೊಂದು ಎಂದು ಒಂದೇ ಫಲಿತಾಂಶವನ್ನು ಹೋಳು ಮಾಡಬೇಡಿ. ಆಶಾ ಕಾರ್ಯಕರ್ತೆಯರು ಓದಲಿ ಎಂದು ಕನ್ನಡದಲ್ಲಿ ಮತ್ತೆ ಪ್ರಕಟಿಸಲು ದಾರಿ ಇದೆ. ಎರಡೂ ಕಡೆಯ ಸಂಪಾದಕರು ಒಪ್ಪಬೇಕು, ಮೂಲ ಎಲ್ಲಿ ಬಂತೆಂದು ಹೇಳಬೇಕು.

ಕಳಿಸುವಾಗ ಒಂದು ಸಲಕ್ಕೆ ಒಂದೇ ಜರ್ನಲ್. ಥೀಸಿಸ್ ಆನ್‌ಲೈನ್‌ನಲ್ಲಿದ್ದರೆ, ಸಮ್ಮೇಳನದಲ್ಲಿ ಸಾರಾಂಶ ಬಂದಿದ್ದರೆ ಕವರ್ ಲೆಟರ್‌ನಲ್ಲಿ ಹೇಳಿಬಿಡಿ. ಅದು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಈಗಾಗಲೇ ಎರಡು ಕಡೆ ಕಳಿಸಿದ್ದೀರಾ? ಇವತ್ತೇ ಎರಡೂ ಸಂಪಾದಕರಿಗೆ ಇದ್ದದ್ದು ಇದ್ದಂತೆ ಬರೆಯಿರಿ. ಒಂದು ಕಡೆಯಿಂದ ಹಿಂತೆಗೆದುಕೊಳ್ಳಿ, ಹಿಂತೆಗೆತಕ್ಕೆ ಅವರ ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ಕಾಯಿರಿ.