ಬಾಡಿಗೆ ಮನೆಯ ಆದಾಯ: ಅಗ್ಗದ್ದನ್ನೂ ದುಬಾರಿಯದ್ದನ್ನೂ ಹೋಲಿಸುವ ಬಗೆ

ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡಲೆಂದು ಫ್ಲ್ಯಾಟ್ ಕೊಳ್ಳುವವರು ತಿಂಗಳ ಬಾಡಿಗೆಯನ್ನಷ್ಟೇ ನೋಡದೆ, ವರ್ಷದ ಬಾಡಿಗೆಯು ಒಟ್ಟು ಹೂಡಿಕೆಯ ಶೇಕಡಾ ಎಷ್ಟಾಗುತ್ತದೆ ಎಂಬುದನ್ನು ಹೋಲಿಸಬೇಕು. ಮುದ್ರಾಂಕ ಶುಲ್ಕವೂ, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕವೂ ಹೂಡಿಕೆಯೇ. ಇವನ್ನು ಬಿಟ್ಟು ಲೆಕ್ಕ ಹೇಳುವವರೇ ಹೆಚ್ಚು.

ಉದಾಹರಣೆಗೆ, ಎಲ್ಲ ಸೇರಿ 40 ಲಕ್ಷ ಬಿದ್ದ ಮನೆಗೆ 13,000 ರೂಪಾಯಿ ಬಾಡಿಗೆ ಬಂದರೆ ಆದಾಯ ಶೇ 3.9, 1.6 ಕೋಟಿಯ ಮನೆಗೆ 40,000 ಬಂದರೂ ಅದು ಶೇ 3 ಮಾತ್ರ. ಆದರೆ ದುರಸ್ತಿಯ ಖರ್ಚು ಮನೆಯ ಬೆಲೆಗೆ ತಕ್ಕಂತೆ ಇಳಿಯುವುದಿಲ್ಲವಾದ್ದರಿಂದ, ನಲ್ಲಿ, ಗೀಸರ್, ಬಣ್ಣ ಎಂದು ವರ್ಷಕ್ಕೆ 26,000 ರೂಪಾಯಿ ಹೋದರೆ ಸಣ್ಣ ಮನೆಯಲ್ಲಿ ಎರಡು ತಿಂಗಳ ಬಾಡಿಗೆಯೇ ಕರಗಿ ಆದಾಯ ಶೇ 3.25ಕ್ಕೆ ಇಳಿಯುತ್ತದೆ, ದೊಡ್ಡದರಲ್ಲಿ ಸುಮಾರು ಶೇ 2.8 ಉಳಿಯುತ್ತದೆ. ಅಂತರ ಅರ್ಧಕ್ಕಿಂತ ಕಡಿಮೆಯಾಯಿತು. ಆದಾಯ ತೆರಿಗೆಯ ಹಳೆಯ ಪದ್ಧತಿಯಿರಲಿ, ಹೊಸದಿರಲಿ, ಆಸ್ತಿ ತೆರಿಗೆ ಕಳೆದ ಬಾಡಿಗೆಯ ಮೇಲೆ ಸಿಗುವ ಶೇ 30ರ ವಿನಾಯಿತಿಯು ನೀವು ನಿಜವಾಗಿ ಎಷ್ಟು ಖರ್ಚು ಮಾಡಿದಿರಿ ಎಂಬುದನ್ನು ಕೇಳುವುದಿಲ್ಲ.

ದುಬಾರಿ ಮನೆಯ ತೊಂದರೆ ಬೇರೆ: ಎರಡು ತಿಂಗಳು ಖಾಲಿ ಬಿದ್ದರೆ 80,000 ರೂಪಾಯಿ ಹೋಗುವುದಲ್ಲದೆ, ಆ ಅವಧಿಯ ನಿರ್ವಹಣಾ ಶುಲ್ಕವನ್ನೂ ಮಾಲೀಕರೇ ಕಟ್ಟಬೇಕು. ಒಪ್ಪಂದಕ್ಕೆ ಮುಂಚೆ ಅದೇ ಸಮುಚ್ಚಯದಲ್ಲಿ ಎಷ್ಟು ಮನೆಗಳು ಖಾಲಿಯಿವೆ ಎಂದು ಕಾವಲುಗಾರರನ್ನೇ ವಿಚಾರಿಸಿ.