ಕುಶಾಲನಗರದ ಕೋಣೆಯಿಂದ ಬದುಲ್ಲದ ಬೆಟ್ಟದವರೆಗೆ

2019ರ ಬೇಸಿಗೆಯಲ್ಲಿ ನಾವು ನಾಲ್ಕು ಜನ ಕೊಡಗಿನ ಕುಶಾಲನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಹಿಂದಿನ ವರ್ಷ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡ ಜರಿದಿತ್ತು. ಆಮೇಲೆ ಜನ ತಾವಾಗಿಯೇ ಏನೇನೋ ಶುರು ಮಾಡಿದ್ದರು. ಒಬ್ಬರು ಹೊಲಿಗೆ ಗುಂಪು ಕಟ್ಟಿದ್ದರು. ಇನ್ನೊಬ್ಬರು ಕೊಯ್ಲಿನ ಕಾಲದಲ್ಲಿ ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲು ಮನೆಯ, ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಇಂಥವರಿಗೆ ಲೆಕ್ಕ ಬರೆಯಲು, ಅರ್ಜಿ ಹಾಕಲು ಒಂದು ಆಸರೆ ಬೇಕು ಅನ್ನಿಸಿ ಆ ಕೋಣೆ ತೆರೆದೆವು.

ಯಾರೂ ಬರಲಿಲ್ಲ. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ತರಬೇತಿಗೆ ಯಾರು ಬರ್ತಾರೆ, ಅಲ್ವಾ? ಆಮೇಲೆ ಕೊರೊನಾ ಬಂತು, ಕೋಣೆ ಮುಚ್ಚಿತು.

2021ರಲ್ಲಿ ಯುರೋಪಿನ ಒಂದು ಕೆಲಸದ ಬಗ್ಗೆ ಓದಿದೆ. ಒಂದೊಂದು ದೇಶದಲ್ಲೂ ಸಾಮಾಜಿಕ ಹೊಸತನಕ್ಕೆ, ಅಂದರೆ ಜನರ ಕಷ್ಟಕ್ಕೆ ಹೊಸ ದಾರಿ ಹುಡುಕುವ ಕೆಲಸಕ್ಕೆ, ಬೆಂಬಲ ಕೇಂದ್ರ ಇರಲಿ ಅಂತ ಯುರೋಪಿಯನ್ ಒಕ್ಕೂಟ 6 ಗುಂಪುಗಳಿಗೆ ಹಣ ಕೊಟ್ಟಿತ್ತು. ಒಂದು ಗುಂಪಿನಲ್ಲಿ ಸ್ಪೇನ್, ಫ್ರಾನ್ಸ್, ಸ್ವೀಡನ್, ಲಾಟ್ವಿಯಾ ಇದ್ದವು. ಮೊದಲು ತಮ್ಮ ದೇಶದಲ್ಲಿ ಯಾರು ಏನು ಮಾಡ್ತಿದ್ದಾರೆ ಅಂತ ಹುಡುಕಿ ಬರೆಯುವುದು, ಜೊತೆಗಾರರಿಂದ ಕಲಿಯುವುದು, ಆಮೇಲೆ ಕೇಂದ್ರದ ಯೋಜನೆ. ನಾವು ಕೊನೆಯದರಿಂದ ಶುರು ಮಾಡಿದ್ದೆವು. ಪಕ್ಕದ ಕೇರಳದ ಮಹಿಳಾ ಸಂಘಗಳ ಜಾಲ ಕುಟುಂಬಶ್ರೀ ಕೂಡ ಬೇರೆ ರಾಜ್ಯಗಳಿಗೆ ತನ್ನ ಸದಸ್ಯೆಯರನ್ನೇ ಕಳಿಸಿ ಕಲಿಸುತ್ತದೆ. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೊಸದಾಗಿ ಹೊರಟೆವು.

ನಾಲ್ಕು ತಿಂಗಳು ಸಿದ್ದಾಪುರ, ಸೋಮವಾರಪೇಟೆ, ಪೊನ್ನಂಪೇಟೆ ಕಡೆಯ ಲೈನ್ ಮನೆ, ಆದಿವಾಸಿಗಳ ಹಾಡಿಗಳನ್ನು ಸುತ್ತಿದೆವು. ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿದೆವು: ಕಷ್ಟ ಬಂದ್ರೆ ಯಾರ ಹತ್ತಿರ ಹೋಗ್ತೀರಿ? ಪಕ್ಕದ ಮನೆಯಾಕೆ, ಅಂಗನವಾಡಿ ಟೀಚರ್, ತೋಟದ ಲೆಕ್ಕ ಬರೆಯುವ ರೈಟರ್. ಯಾರೂ ಒಂದು ಆಫೀಸಿನ ಹೆಸರು ಹೇಳಲಿಲ್ಲ.

ಅದೇ ಹೊತ್ತಿಗೆ ಗೆಳೆಯರ ಮೂಲಕ ಶ್ರೀಲಂಕಾದ ಬದುಲ್ಲ ಜಿಲ್ಲೆಯ ಒಂದು ಸಣ್ಣ ತಂಡದ ಪರಿಚಯವಾಯಿತು. ಅಲ್ಲಿ ಟೀ, ಇಲ್ಲಿ ಕಾಫಿ. ಲೈನ್ ಮನೆಗಳು ಮಾತ್ರ ಅಲ್ಲೂ ಇವೆ. 2014ರ ಅಕ್ಟೋಬರ್ 29ರಂದು ಮೀರಿಯಬೆದ್ದದಲ್ಲಿ ಗುಡ್ಡ ಜರಿದು ಲೈನ್ ಮನೆಗಳ ಮೇಲೇ ಬಿದ್ದಿತ್ತು. ಅವರ ಮಾತು ತಮಿಳು. ಸುಳ್ಯದ ರಬ್ಬರ್ ತೋಟದ ಒಬ್ಬ ಅಕ್ಕ ನಮಗೆ ದುಭಾಷಿಯಾದರು. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ಮೇಲೆ ಲಂಕೆಯಿಂದ ಬಂದ ಕುಟುಂಬ ಅವರದು. ಅಜ್ಜಿ ಚಹಾ ಎಲೆ ಕಿತ್ತ ಬೆಟ್ಟದವರ ಜೊತೆ ಮಾತಾಡುವಾಗ ಅವರ ದನಿ ಗದ್ಗದವಾಗುತ್ತಿತ್ತು.

ಮೊದಲ ಮೂರು ಕರೆಗಳಲ್ಲಿ ಎರಡೂ ಕಡೆಯವರು ಒಳ್ಳೆಯ ಫೋಟೊ ತೋರಿಸಿದೆವು, ಅಷ್ಟೇ. ನಾಲ್ಕನೇ ಸಲ ಆ ಅಕ್ಕನೇ ಕೇಳಿದರು: "ಯಾವುದು ಕೆಟ್ಟಿತು, ಅದನ್ನ ಹೇಳಿ." ನಾವು ಖಾಲಿ ಕೋಣೆಯ ಕಥೆ ಹೇಳಿದೆವು. ಅವರು ಬಾಗಿಲು ಮುಚ್ಚಿದ ತಮ್ಮ ಉಳಿತಾಯ ಗುಂಪಿನ ಕಥೆ ಹೇಳಿದರು. ಆಮೇಲೆ ಕೆಲಸ ಓಡಿತು. 2022ರ ಆರ್ಥಿಕ ಬಿಕ್ಕಟ್ಟಿನಲ್ಲಿ ಲಂಕೆಯಲ್ಲಿ ಗಂಟೆಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ಆಗ ವಾಯ್ಸ್ ಮೆಸೇಜ್‌ನಲ್ಲೇ ನಡೆಸಿದೆವು. ನಮ್ಮ ಸಂಘಗಳ ಸಾಲದ ಲೆಡ್ಜರ್ ಅವರಿಗೆ ಕಳಿಸಿದೆವು.

ಅವರಿಂದ ಬಂದದ್ದು ಮಳೆಮಾಪಕ. ಲಂಕೆಯ ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅಪಾಯದ ಊರುಗಳಲ್ಲಿ ಮನೆಯವರ ಕೈಗೇ ಸರಳ ಮಳೆಮಾಪಕ ಕೊಟ್ಟಿದೆ. ಕೊಡಗಿನಲ್ಲೂ ತೋಟದ ಬಂಗಲೆಯಲ್ಲಿ ಮಳೆ ಅಳೆಯುವುದು ಹಳೇ ರೂಢಿ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಅಂತ ರೈಟರ್ ಬರೆದಿಡ್ತಾರೆ. ಆದರೆ ಆ ಅಂಕಿ ಕಾಫಿಗೆ. ಗುಡ್ಡದ ಬುಡದ ಲೈನ್ ಮನೆಗೆ ಅದು ತಲುಪುವುದೇ ಇಲ್ಲ. ಇಷ್ಟು ವರ್ಷ ಕಣ್ಣೆದುರಿಗಿದ್ದ ಇದನ್ನು ಹೊರಗಿನವರು ತೋರಿಸಬೇಕಾಯಿತು.

ಎರಡು ಲೀಟರ್ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ಆಲಿಕೆಯ ಹಾಗೆ ಮಗುಚಿ ಬಾಟಲಿಯ ಮೇಲೆ ಇಟ್ಟೆವು. ತಳದ ಉಬ್ಬುತಗ್ಗಿಗೆ ಕಲ್ಲು ತುಂಬಿ, ಸೊನ್ನೆ ಗೆರೆಯವರೆಗೆ ನೀರು ಹಾಕಿ, ಹೊರಗೆ ಸ್ಕೇಲ್ ಅಂಟಿಸಿದೆವು. ಮೊದಲ ಮಳೆಗಾಲದ ಅಂಕಿ ಪೂರ್ತಿ ತಪ್ಪು. ಕೆಲವು ಸೂರಿನ ಕೆಳಗಿದ್ದವು, ಕೆಲವು ನೆರಳು ಮರದಡಿ. ಮುಂದಿನ ವರ್ಷ ಕಾಫಿ ಒಣಗಿಸುವ ಕಣದ ನಡುವೆ ಕಂಬ ನೆಟ್ಟು ಕಟ್ಟಿದೆವು. ಅಲ್ಲಿ ಮೇಲೆ ಆಕಾಶ ಬಿಟ್ಟರೆ ಬೇರೇನೂ ಇಲ್ಲ.

ಲಂಕೆಯಲ್ಲಿ 24 ಗಂಟೆಗೆ 75 ಮಿ.ಮೀ. ಆದರೆ ಎಚ್ಚರ, 150 ಆದರೆ ಮನೆ ಬಿಡಬೇಕು. ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 3 ಇಂಚು, 6 ಇಂಚು. ಅದನ್ನೇ ಇಲ್ಲಿ ಗೋಡೆಗೆ ಬರೆಯಲು ನಾನು ಒಪ್ಪಲಿಲ್ಲ. ಅವರ ಮಣ್ಣು ಬೇರೆ, ಮಳೆ ಬೇರೆ. ನಮ್ಮಲ್ಲಿ ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆ ವಾರಗಟ್ಟಲೆ ಹಿಡಿಯುತ್ತದೆ. ಮಣ್ಣು ಆಗಲೇ ನೀರು ಕುಡಿದಿರುವಾಗ 3 ಇಂಚೂ ಜಾಸ್ತಿ ಆಗಬಹುದು. ಹಾಗಾಗಿ ಒಂದು ದಿನದ ಅಂಕಿಯ ಪಕ್ಕದಲ್ಲಿ ಹಿಂದಿನ ಹತ್ತು ದಿನದ ಮೊತ್ತವನ್ನೂ ಬರೆಯುತ್ತೇವೆ. ಸ್ಥಳಾಂತರಕ್ಕೆ ಜಿಲ್ಲಾಡಳಿತ ಕರೆ ಕೊಟ್ಟಾಗ ಸುಮ್ನೆ ಕೂರದೆ ಹೊರಡಲು ಈ ಅಂಕಿ ಜನರಿಗೆ ಧೈರ್ಯ ಕೊಡುತ್ತದೆ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಬಂತು. ಅಲ್ಲಿನ ತೋಟದ ಪಾಡಿಗಳಲ್ಲಿ (ಲೈನ್ ಮನೆಗೆ ಅಲ್ಲಿನ ಹೆಸರು) ಕೆಲಸ ಮಾಡುವ ಕೆಲವರು ಈಗ ನಮ್ಮ ಕರೆಗಳಿಗೆ ಬರ್ತಾರೆ. ದೇಶಕ್ಕೊಂದು ಬೆಂಬಲ ಕೇಂದ್ರ ಹೇಗಿರಬೇಕು ಅಂತ ನಾವು ಬರೆಯುತ್ತಿರುವ ಯೋಜನೆಯ ಮೊದಲ ಸಾಲಿನಲ್ಲಿ ಬಸ್ ಚಾರ್ಜಿನ ಲೆಕ್ಕವಿದೆ. ಎರಡನೆಯ ಸಾಲಿನಲ್ಲಿ ದುಭಾಷಿಯ ಸಂಬಳ. ಕಟ್ಟಡ ಇನ್ನೂ ಪಟ್ಟಿಗೆ ಸೇರಿಲ್ಲ. ಮುಂದಿನ ಹೂಮಳೆಗೆ ಮೊದಲು ಈ ಅಂಕಿ ಬರೆದಿಡುವ ಮಳೆ ಪುಸ್ತಕವನ್ನು ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ಅಚ್ಚು ಹಾಕಿಸಬೇಕು. ಸುಳ್ಯದ ಅಕ್ಕ ತಮಿಳಿನ ಕರಡು ತಿದ್ದಿ ಮುಗಿಸಿದ್ದಾರೆ.